ಹಳೆ ಅಟ್ಟದ ಜಂತೆಗೆ ಕಾಂಕ್ರೀಟ್ ಜೋಡಿಸಿದ್ದು: ನಾಪೋಕ್ಲು ಕಡೆಯ ಒಂದು ರಿಪೇರಿ, ಮಾಡೆಲ್ ಸಮೇತ

ನಾಪೋಕ್ಲು ಹತ್ತಿರ ಇರುವ ಸೋದರಮಾವನ ಮನೆಯ ಅಟ್ಟವನ್ನು ಈ ವರ್ಷ ರಿಪೇರಿ ಮಾಡಿದೆವು. ಹಳೆ ಮರದ ಜಂತೆಗಳನ್ನು ಉಳಿಸಿಕೊಂಡು, ಮೇಲೆ 60 ಮಿ.ಮೀ. ಕಾಂಕ್ರೀಟ್ ಹಾಕಿ, ಕೋಚ್ ಸ್ಕ್ರೂಗಳಿಂದ (ಸ್ಪ್ಯಾನರಿನಿಂದ ತಿರುಗಿಸುವ ದಪ್ಪ ಮರದ ಸ್ಕ್ರೂ) ಎರಡನ್ನೂ ಒಂದು ಮಾಡಿದೆವು. ಕೆಲಸಕ್ಕೆ ಕೈ ಹಾಕುವ ಮುಂಚೆ ಕಂಪ್ಯೂಟರಿನಲ್ಲಿ ಮಾಡೆಲ್ ಕಟ್ಟಿ ನೋಡಿದ್ದೆ. ಅದಕ್ಕೆ ಅಂಕಿಗಳನ್ನು ಎಲ್ಲಿಂದ ತಂದೆ, ಮಾಡೆಲ್ ಏನು ಹೇಳಿತು, ಅಟ್ಟ ಆ ಮಾತು ಕೇಳಿತಾ ಅನ್ನುವುದನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಕೊಡಗಿನಲ್ಲಿ ಇಂಥ ಅಟ್ಟ ಇರುವ ಮನೆಗಳು ಇನ್ನೂ ಬೇಕಾದಷ್ಟಿವೆ. ಸ್ವಲ್ಪ ಅಲುಗಾಡಿತು ಅಂದ ಕೂಡಲೇ ಒಳ್ಳೆ ನಂದಿ, ಹೊನ್ನೆ ಜಂತೆಗಳನ್ನು ಕಿತ್ತು ಸೌದೆ ರಾಶಿಗೆ ಹಾಕಿ ಆರ್‌ಸಿಸಿ ಮಾಡಿಸುವುದನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ.

ಕೋಣೆಯ ಅಳತೆ ಹೀಗಿದೆ. ಜಂತೆಗಳು ಗೋಡೆಯಿಂದ ಗೋಡೆಗೆ 4 ಮೀಟರ್. ಒಂದೊಂದೂ 100 ಮಿ.ಮೀ. ಅಗಲ, 180 ಮಿ.ಮೀ. ಎತ್ತರ. ನಡುವಿನ ಅಂತರ 600 ಮಿ.ಮೀ. ಒಟ್ಟು ಏಳು ಜಂತೆ. ಮೇಲೆ ಹಲಗೆ, ಹಲಗೆಯ ಮೇಲೆ ಸುಮಾರು 75 ಮಿ.ಮೀ. ಮಣ್ಣು. ಹಿಂದಿನವರು ಮಣ್ಣು ಹಾಕಿದ್ದಕ್ಕೆ ಕಾರಣ ಇತ್ತು. ಮನೆ ತಂಪಾಗಿರುತ್ತದೆ, ಬೆಂಕಿ ಬಿದ್ದರೆ ಹಲಗೆಗೆ ತಗಲುವುದು ತಡವಾಗುತ್ತದೆ. ಆದರೆ ಆ ಮಣ್ಣು ಒಂದು ಚದರ ಮೀಟರಿಗೆ 120 ಕೆ.ಜಿ. ತೂಗುತ್ತದೆ, ಜಂತೆಗೆ ಒಂದಿಷ್ಟೂ ಬಲ ಕೊಡುವುದಿಲ್ಲ. ಯಾರಾದರೂ ನಡೆದರೆ ಕಪಾಟಿನ ಗಾಜಿನ ಲೋಟಗಳೆಲ್ಲ ಕಿಣಿಕಿಣಿ ಅನ್ನುತ್ತಿದ್ದವು.

ಆ ಅಲುಗಾಟವನ್ನೇ ಮೊದಲು ಅಳೆದೆ. ಫಿಫಾಕ್ಸ್ ಅನ್ನುವ ಆ್ಯಪ್ ಇದೆ, ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರದ್ದು, ಪುಕ್ಕಟೆ ಸಿಗುತ್ತದೆ. ಫೋನನ್ನು ಅಟ್ಟದ ನಡುವೆ ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಪಕ್ಕದಲ್ಲಿ ಒಬ್ಬರು ತುದಿಗಾಲಲ್ಲಿ ನಿಂತು ಹಿಮ್ಮಡಿಯನ್ನು ಧಪ್ ಅಂತ ಬಿಟ್ಟರೆ ಸಾಕು. ನೆಲ ಸೆಕೆಂಡಿಗೆ ಎಷ್ಟು ಸಲ ನಡುಗುತ್ತದೆ ಅಂತ ತೋರಿಸುತ್ತದೆ. ನಮ್ಮದು 7.6 ಹರ್ಟ್ಜ್ ಬಂತು. ಮರದ ನೆಲ 8 ಹರ್ಟ್ಜ್‌ಗಿಂತ ಕೆಳಗಿದ್ದರೆ ವಿಶೇಷವಾಗಿ ಪರಿಶೀಲಿಸಬೇಕು ಅಂತ ಯುರೋಪಿನ ಮರದ ಕಟ್ಟಡಗಳ ನಿಯಮಾವಳಿ ಯೂರೋಕೋಡ್ 5 ಹೇಳುತ್ತದೆ. ಮಾವನಿಗೆ ಇಷ್ಟು ದಿನ ಕಾಲಿಗೆ ಗೊತ್ತಾಗುತ್ತಿದ್ದದ್ದು ಈ ಅಂಕಿಯೇ.

ಮರ, ಕಾಂಕ್ರೀಟ್ ಸೇರಿಸುವುದು ಹೊಸ ವಿದ್ಯೆಯೇನಲ್ಲ. ಜರ್ಮನಿಯಲ್ಲಿ 1922ರಲ್ಲೇ ಮ್ಯೂಲರ್ ಅನ್ನುವವರು ಇಂಥ ನೆಲಕ್ಕೆ ಪೇಟೆಂಟ್ ತೆಗೆದುಕೊಂಡಿದ್ದರು. 1930ರ ದಶಕದಲ್ಲಿ ಅಮೆರಿಕದ ಸೇತುವೆಗಳಿಗೂ ಇದು ಬಂತು. ಯುರೋಪಿನಲ್ಲಿ 2021ರಲ್ಲಿ ಇದಕ್ಕಂತಲೇ ಸಿಇಎನ್/ಟಿಎಸ್ 19103 ಅನ್ನುವ ನಿಯಮಾವಳಿ ಬಂದಿದೆ. ನಾನು ಕಾಂಕ್ರೀಟಿಗೆ ನಮ್ಮ ದೇಶದ ಮಾನಕ ಐಎಸ್ 456 ಹಿಡಿದೆ, ಮರಕ್ಕೆ ಐಎಸ್ 883 ನೋಡಿದೆ, ಎರಡರ ನಡುವಿನ ಜೋಡಣೆಗೆ ಮಾತ್ರ ಯೂರೋಕೋಡಿನ ದಾರಿ ಹಿಡಿದೆ.

ಮಾಡೆಲ್‌ಗೆ ಮೊದಲು ಬೇಕಾದದ್ದು ಮರ ಎಷ್ಟು ಬಿಗಿ ಅನ್ನುವ ಅಂಕಿ. ಎಂಜಿನಿಯರ್‌ಗಳು ಅದನ್ನು 'ಇ' ಅನ್ನುತ್ತಾರೆ. ಪುಸ್ತಕದಲ್ಲಿ ಜಾತಿಗೊಂದು ಅಂಕಿ ಇದೆ. ಆದರೆ ನೂರಾರು ಮಳೆಗಾಲ ಕಂಡ ಜಂತೆ ಪುಸ್ತಕದ ಪ್ರಕಾರ ಇರಬೇಕಲ್ಲ? ಅದಕ್ಕೆ ಅಳೆದೇ ನೋಡೋಣ ಅಂತ ತೀರ್ಮಾನ ಮಾಡಿದೆವು. ಕಾಫಿ ಕೊಯ್ಲಿನ ಸಮಯ, ಮನೆ ತುಂಬ ಚೆರಿ (ಒಣಗಿಸಿದ ಕಾಫಿ ಹಣ್ಣು) ಮೂಟೆ. ಮಣ್ಣು ತೆಗೆದು ಹಲಗೆ ಎಬ್ಬಿಸಿದ ಮೇಲೆ, ಒಂದೊಂದೇ ಜಂತೆಯ ನಟ್ಟನಡುವೆ ಹಗ್ಗ ಕಟ್ಟಿ 50 ಕೆ.ಜಿ.ಯ ಎರಡು ಮೂಟೆ ತೂಗುಹಾಕಿದೆವು. ಮೂಟೆಗಳನ್ನು ತಕ್ಕಡಿಯಲ್ಲಿ ಮತ್ತೊಮ್ಮೆ ತೂಗಿ ಸರಿಯಾಗಿ 100 ಕೆ.ಜಿ. ಮಾಡಿಕೊಂಡಿದ್ದೆವು. ಕೆಳಗೆ ನೆಲದಿಂದ ಒಂದು ಗಟ್ಟಿ ಕಂಬ ನಿಲ್ಲಿಸಿ, ಅದರ ತುದಿಗೆ ಡಯಲ್ ಗೇಜ್ (ಮಿ.ಮೀ.ನ ಸಣ್ಣ ಭಾಗದಷ್ಟು ಅಲುಗಾಟವನ್ನೂ ಮುಳ್ಳಿನಿಂದ ತೋರಿಸುವ ಮಾಪಕ) ಕೂರಿಸಿ, ಅದರ ಮೊಳೆ ಜಂತೆಯ ಹೊಟ್ಟೆಗೆ ತಾಗುವ ಹಾಗೆ ಇಟ್ಟೆ. ಮೂಟೆ ನೆಲ ಬಿಟ್ಟ ಕೂಡಲೇ ಮುಳ್ಳು ತಿರುಗಿ ನಿಲ್ಲುತ್ತದೆ. ಅದನ್ನು ಆಗಲೇ ಓದಿಕೊಳ್ಳಬೇಕು. ಸುಮ್ನೆ ಬಿಟ್ಟರೆ ಮರ ನಿಧಾನಕ್ಕೆ ಇನ್ನಷ್ಟು ಬಗ್ಗುತ್ತಾ ಹೋಗುತ್ತದೆ.

ಆರು ಜಂತೆಗಳು 2.4ರಿಂದ 3.1 ಮಿ.ಮೀ. ಬಗ್ಗಿದವು. ಲೆಕ್ಕ ಹಾಕಿದರೆ 'ಇ' ಸುಮಾರು 11,200ರಿಂದ 8,700 ನ್ಯೂಟನ್/ಚ.ಮಿ.ಮೀ. ಐಎಸ್ 883 ಮರಗಳನ್ನು ಗುಂಪು ಮಾಡುವಾಗ 9,800ರಿಂದ 12,600ರವರೆಗಿನದ್ದು ಬಿ ಗುಂಪು, 5,600ರಿಂದ 9,800ರವರೆಗಿನದ್ದು ಸಿ ಗುಂಪು. ಅಂದರೆ ಒಂದೇ ಕೋಣೆಯ ಜಂತೆಗಳು ಎರಡು ಗುಂಪಿಗೆ ಹಂಚಿಹೋಗಿವೆ. ನಾನು ಮಾಡೆಲ್‌ಗೆ 10,000 ತೆಗೆದುಕೊಂಡೆ, 8,700 ಹಾಕಿಯೂ ಪ್ರತ್ಯೇಕವಾಗಿ ನೋಡಿದೆ. ಏಳನೆಯ ಜಂತೆ ಮಾತ್ರ 4.4 ಮಿ.ಮೀ. ಬಗ್ಗಿತು. ಬಡಗಿ ಆಚಾರ್ರು ಉಳಿಯ ಹಿಡಿಯಿಂದ ಅದರ ಮೈಯುದ್ದಕ್ಕೂ ತಟ್ಟುತ್ತಾ ಬಂದರು. ಗೋಡೆಯ ಹತ್ತಿರ ಬರುವಾಗ ಸದ್ದು ಮಂದವಾಯಿತು. "ಇಲ್ಲಿ ನೋಡಿ, ಒಳಗೆ ಗೆದ್ದಲು ತಿಂದು ಟೊಳ್ಳು ಮಾಡಿದೆ. ಇದನ್ನು ಇಟ್ಟುಕೊಳ್ಳೋದು ಬೇಡ" ಅಂದರು. ಗೇಜ್ ಹೇಳಿದ್ದನ್ನೇ ಅವರ ಕಿವಿಯೂ ಹೇಳಿತು. ಅದರ ಬದಲಿಗೆ ಮಾವ ಒಣಗಿಸಿ ಇಟ್ಟಿದ್ದ ಹಲಸಿನ ಜಂತೆ ಕೂರಿಸಿದೆವು. ಅದು 2.9 ಬಗ್ಗಿತು, ಸಾಕು.

ತೆಗೆದ ಜಂತೆಯ ಗಟ್ಟಿ ಇದ್ದ ಕಡೆಯಿಂದ 300 ಮಿ.ಮೀ. ಉದ್ದದ ತುಂಡು ಕತ್ತರಿಸಿ ತೂಗಿದೆ. 3.6 ಕೆ.ಜಿ. ಅಂದರೆ ಘನ ಮೀಟರಿಗೆ ಸುಮಾರು 667 ಕೆ.ಜಿ. ಈ ಅಂಕಿ ಮುಂದೆ ಸ್ಕ್ರೂ ಲೆಕ್ಕಕ್ಕೆ ಬೇಕಾಗುತ್ತದೆ.

ಈಗ ಮಾಡೆಲ್. ಎರಡು ಹಲಗೆ ಒಂದರ ಮೇಲೊಂದು ಇಟ್ಟು ಬಗ್ಗಿಸಿದರೆ ಅವು ಒಂದರ ಮೇಲೊಂದು ಜಾರುತ್ತವೆ. ಅಂಟು ಹಾಕಿದರೆ ಜಾರುವುದಿಲ್ಲ, ತುಂಬ ಬಿಗಿ ಆಗುತ್ತವೆ. ಸ್ಕ್ರೂ ಹಾಕಿದರೆ ಸ್ವಲ್ಪ ಜಾರುತ್ತವೆ, ಸ್ವಲ್ಪ ತಡೆಯುತ್ತವೆ. ಈ 'ಸ್ವಲ್ಪ' ಎಷ್ಟು ಅನ್ನುವುದೇ ಇಡೀ ಕೆಲಸ. ಆದ್ದರಿಂದ ಬಾಗು ಹೆಚ್ಚೆಂದರೆ ಎಷ್ಟು, ಕಡಿಮೆ ಅಂದರೆ ಎಷ್ಟು ಅನ್ನುವ ಮಿತಿಗಳನ್ನು ಮೊದಲು ಲೆಕ್ಕ ಹಾಕಿಕೊಂಡೆ. ಭಾರಗಳ ಮಾನಕ ಐಎಸ್ 875ರ ಪ್ರಕಾರ ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್ (ಸುಮಾರು 200 ಕೆ.ಜಿ.) ಲೈವ್ ಲೋಡ್, ಅಂದರೆ ಜನ, ಸಾಮಾನುಗಳ ಭಾರ. ಆ ಭಾರಕ್ಕೆ ಬರೀ ಜಂತೆ 8.2 ಮಿ.ಮೀ. ಬಗ್ಗುತ್ತದೆ. ಕಾಂಕ್ರೀಟ್ ಮೇಲೆ ಸುಮ್ನೆ ಕೂತಿದ್ದರೆ 5.3. ಪೂರ್ತಿ ಅಂಟಿಕೊಂಡಿದ್ದರೆ 1.4. ನಿಜವಾದ ಉತ್ತರ 5.3 ಮತ್ತು 1.4ರ ನಡುವೆ ಎಲ್ಲೋ ಇರಲೇಬೇಕು. ಹೊರಗೆ ಬಂದರೆ ಮಾಡೆಲ್‌ನಲ್ಲಿ ತಪ್ಪಿದೆ ಅಂತ ಅರ್ಥ.

ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಈಗಿನ ಸಾಫ್ಟ್‌ವೇರ್‌ಗಳಲ್ಲಿ ಮರಕ್ಕೊಂದು ಪೆಟ್ಟಿಗೆ, ಕಾಂಕ್ರೀಟಿಗೊಂದು ಪೆಟ್ಟಿಗೆ ಬರೆದು ಎರಡನ್ನೂ ತಾಗಿಸಿದರೆ, ಬಹಳ ಕಡೆ ಅದು ತಾನಾಗಿಯೇ ಅಂಟಿಸಿಬಿಡುತ್ತದೆ. ಬಣ್ಣಬಣ್ಣದ ಚಿತ್ರ ಚೆನ್ನಾಗಿ ಬರುತ್ತದೆ, ಬಾಗು 1.4 ಅನ್ನುತ್ತದೆ. ಅದನ್ನು ನಂಬಿ ಸ್ಕ್ರೂ ಕಡಿಮೆ ಹಾಕಿದರೆ ಮನೆಯವರು ಅನುಭವಿಸಬೇಕಾಗುತ್ತದೆ.

ನಾನು ಬಳಸಿದ್ದು ಓಪನ್‌ಸೀಸ್. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಭೂಕಂಪದ ಲೆಕ್ಕಕ್ಕೆ ಹುಟ್ಟಿದ ಸಾಫ್ಟ್‌ವೇರ್, ಪೈಥಾನ್‌ನಿಂದ ನಡೆಸಬಹುದು. ಮೂರು ಆಯಾಮದ ಪೆಟ್ಟಿಗೆಗಳ ಗೋಜಿಗೆ ಹೋಗಲಿಲ್ಲ. ಎರಡೇ ಗೆರೆ. ಕೆಳಗಿನ ಗೆರೆ ಜಂತೆಯ ಮಧ್ಯದಲ್ಲಿ, ಮೇಲಿನದ್ದು ಕಾಂಕ್ರೀಟಿನ ಮಧ್ಯದಲ್ಲಿ, ನಡುವೆ 120 ಮಿ.ಮೀ. ಅಂತರ. ಸ್ಕ್ರೂ ಬರುವ ಪ್ರತಿ ಜಾಗದಲ್ಲಿ ಜಂತೆಯ ಗೆರೆಯಿಂದ 90 ಮಿ.ಮೀ. ಮೇಲಕ್ಕೆ ಒಂದು ಬಗ್ಗದ ಕೈ, ಕಾಂಕ್ರೀಟಿನ ಗೆರೆಯಿಂದ 30 ಮಿ.ಮೀ. ಕೆಳಕ್ಕೆ ಇನ್ನೊಂದು. ಎರಡು ಕೈಗಳೂ ಸೇರುವ ಜಾಗ ಮರ, ಕಾಂಕ್ರೀಟ್ ತಾಗುವ ಮಟ್ಟವೇ. ಅಲ್ಲಿ ಉದ್ದವೇ ಇಲ್ಲದ ಒಂದು ಸ್ಪ್ರಿಂಗ್. ಅಡ್ಡಕ್ಕೆ ಅದರ ಬಿಗಿತ ಸ್ಕ್ರೂನ ಬಿಗಿತ. ಲಂಬಕ್ಕೆ ತುಂಬ ಗಟ್ಟಿ, ಯಾಕಂದರೆ ಕಾಂಕ್ರೀಟ್ ಮರದ ಮೇಲೆ ಕೂತೇ ಇರುತ್ತದೆ. ಇಷ್ಟೇ ಮಾಡೆಲ್.

ಸ್ಪ್ರಿಂಗಿಗೆ ಅಂಕಿ ಬೇಕಲ್ಲ. ಯೂರೋಕೋಡ್ 5ರ ಸೂತ್ರ ಸುಲಭ: ಮರದ ಸಾಂದ್ರತೆಯನ್ನು 1.5ರ ಘಾತಕ್ಕೆ ಏರಿಸಿ, ಸ್ಕ್ರೂ ದಪ್ಪದಿಂದ ಗುಣಿಸಿ, 23ರಿಂದ ಭಾಗಿಸಬೇಕು. ಮರಕ್ಕೆ ಕಾಂಕ್ರೀಟ್ ಸೇರಿಸುವಾಗ ಬಂದದ್ದನ್ನು ಎರಡರಷ್ಟು ಮಾಡಬೇಕು. 667 ಮತ್ತು 12 ಮಿ.ಮೀ. ಹಾಕಿದರೆ ಸುಮಾರು 18 ಕಿಲೋನ್ಯೂಟನ್/ಮಿ.ಮೀ. ಬರುತ್ತದೆ. ಒಂದು ಸ್ಕ್ರೂ ಇರುವಲ್ಲಿ 1 ಮಿ.ಮೀ. ಜಾರಿಸಲು 1,800 ಕೆ.ಜಿ.ಯಷ್ಟು ತಳ್ಳಬೇಕು ಅಂತ. ಎಂ25 ಕಾಂಕ್ರೀಟಿಗೆ (ಚ.ಮಿ.ಮೀ.ಗೆ 25 ನ್ಯೂಟನ್ ಒತ್ತಡ ತಡೆಯುವ ದರ್ಜೆ) ಐಎಸ್ 456ರ ಪ್ರಕಾರ 'ಇ' 25,000.

ಉತ್ತರ: ಲೈವ್ ಲೋಡಿಗೆ ಬಾಗು 1.9 ಮಿ.ಮೀ. ಸುತ್ತ. ಇದೇ ಲೆಕ್ಕವನ್ನು ಯೂರೋಕೋಡ್ 5ರ ಅನುಬಂಧ ಬಿ ಯಲ್ಲಿರುವ ಗಾಮಾ ವಿಧಾನದಲ್ಲಿ (ಜೋಡಣೆ ಎಷ್ಟು ಜಾರುತ್ತದೆ ಅನ್ನುವುದನ್ನು ಒಂದು ಗುಣಕದಲ್ಲಿ ಹಿಡಿಯುವ ಲೆಕ್ಕ) ಕಾಗದದ ಮೇಲೂ ಮಾಡಿದೆ. ಎರಡಕ್ಕೂ ಹೊಂದಿಕೆ ಚೆನ್ನಾಗಿತ್ತು. ಸ್ಕ್ರೂ ಬಿಗಿತ ಸೂತ್ರ ಹೇಳಿದ್ದರಲ್ಲಿ ಅರ್ಧವೇ ಇದ್ದರೆ? 2.35. ಎರಡರಷ್ಟಿದ್ದರೆ 1.67. ಅಂದರೆ ಸೂತ್ರ ಅತ್ತಿತ್ತ ಆದರೂ ಅಟ್ಟ ಕೈಬಿಡುವುದಿಲ್ಲ. ಇದನ್ನು ನೋಡಿದ ಮೇಲೇ ಧೈರ್ಯ ಬಂದದ್ದು. ಕಾಂಕ್ರೀಟಿನ ತಳದಲ್ಲಿ ಎಳೆತ ಸುಮಾರು 1.1 ನ್ಯೂಟನ್/ಚ.ಮಿ.ಮೀ. ಎಂ25 ಬಿರುಕು ಬಿಡುವುದು 3.5ರ ಸುತ್ತ, ಆದ್ದರಿಂದ ಬಿರುಕಿಲ್ಲದ ಕಾಂಕ್ರೀಟ್ ಅಂತ ಹಿಡಿದದ್ದು ಸರಿ.

ಮಾಡೆಲ್‌ನಿಂದ ನನಗೆ ಜಾಸ್ತಿ ಉಪಯೋಗ ಆದದ್ದು ಸ್ಕ್ರೂಗಳನ್ನು ಎಲ್ಲಿ ಹಾಕಬೇಕು ಅನ್ನುವುದಕ್ಕೆ. ಜಾರುವಿಕೆ ತುದಿಗಳಲ್ಲಿ ಹೆಚ್ಚು, ನಟ್ಟನಡುವೆ ಸೊನ್ನೆ. ನಡುವೆ ಹಾಕಿದ ಸ್ಕ್ರೂ ಬಹುತೇಕ ಸುಮ್ಮನೆ ನಿಂತಿರುತ್ತದೆ. ಒಂದು ಜಂತೆಗೆ 30 ಸ್ಕ್ರೂಗಳನ್ನು ಸಮ ಅಂತರದಲ್ಲಿ ಹಾಕಿದರೆ ತುದಿಯ ಸ್ಕ್ರೂಗೆ ಪೂರ್ತಿ ಭಾರದಲ್ಲಿ 3.6 ಕಿಲೋನ್ಯೂಟನ್ ಬೀಳುತ್ತದೆ. ಅದೇ 30ನ್ನು ಎರಡೂ ತುದಿಯ ಒಂದೊಂದು ಮೀಟರಿನಲ್ಲಿ 100 ಮಿ.ಮೀ.ಗೆ ಒಂದು, ನಡುವಿನ ಎರಡು ಮೀಟರಿನಲ್ಲಿ 200ಕ್ಕೆ ಒಂದು ಹಾಕಿದರೆ 2.7ಕ್ಕೆ ಇಳಿಯುತ್ತದೆ. ಒಂದು ಪೈಸೆ ಹೆಚ್ಚು ಖರ್ಚಿಲ್ಲ. ಆಚಾರ್ರಿಗೆ ಇದನ್ನು ಹೇಳಿದಾಗ "ಕೀಲು ಯಾವಾಗಲೂ ತುದೀಲೇ ಸಡಿಲ ಆಗೋದು, ಅಲ್ವಾ" ಅಂದು ಜಂತೆಯ ಮೇಲೆ ಗುರುತು ಹಾಕಲು ಶುರು ಮಾಡಿದರು.

ಇನ್ನು ಕಾಲ ಕಳೆದ ಹಾಗೆ ಆಗುವುದು. ಕೊಡಗಿಗೆ ಇದೇ ಮುಖ್ಯ. ಭಾರ ಹೊತ್ತ ಮರ ವರ್ಷಗಟ್ಟಲೆ ನಿಧಾನಕ್ಕೆ ಬಗ್ಗುತ್ತದೆ. ಕಾಂಕ್ರೀಟೂ ಹಾಗೆಯೇ, 28 ದಿನದ ಕಾಂಕ್ರೀಟಿನ ಮೇಲೆ ಭಾರ ಬಿದ್ದರೆ ಐಎಸ್ 456 ಅದಕ್ಕೆ 1.6 ಅನ್ನುವ ಗುಣಕ ಕೊಡುತ್ತದೆ, ಅಂದರೆ ಮೊದಲು ಬಗ್ಗಿದ್ದರ 1.6ರಷ್ಟು ಕಾಲಕ್ರಮೇಣ ಇನ್ನೂ ಬಗ್ಗುತ್ತದೆ ಅಂತ. ಮರಕ್ಕೆ ಯೂರೋಕೋಡ್ ತೇವದ ಪ್ರಕಾರ ಗುಣಕ ಕೊಡುತ್ತದೆ. ಸೂರಿನಡಿಯ ಸಾಮಾನ್ಯ ತೇವಕ್ಕೆ 0.8. ಆದರೆ ಆ ವರ್ಗಕ್ಕೆ ಒಂದು ಷರತ್ತಿದೆ: ಗಾಳಿಯ ತೇವ ಶೇ. 85 ದಾಟುವುದು ವರ್ಷದಲ್ಲಿ ಕೆಲವೇ ವಾರ ಇರಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಉಪ್ಪಿನ ಡಬ್ಬಿ ನೀರಾಗುತ್ತದೆ. ಕೆಲವು ವಾರ ಅಂತ ಹೇಳುವುದು ಹೇಗೆ? ಆದ್ದರಿಂದ ಹೊರಗೆ ನೆನೆಯುವ ಮರದ ಗುಣಕ 2.0 ಹಾಕಿಯೂ ಮಾಡೆಲ್ ಓಡಿಸಿದೆ. ಸ್ಕ್ರೂ ಬಿಗಿತವನ್ನೂ ಇದೇ ರೀತಿ ಇಳಿಸಿದೆ, ಅದಕ್ಕೆ ಗುಣಕ ಎರಡರಷ್ಟು. ಜೊತೆಗೆ ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತದೆ, ಐಎಸ್ 456 ಕೊಡುವ 0.0003. ಮೇಲಿನ ಪದರ ಕುಗ್ಗಿದರೆ ಜಂತೆಯ ಹೊಟ್ಟೆ ಕೆಳಗೆ ಜೋಲುತ್ತದೆ. ಇದೊಂದೇ 3 ಮಿ.ಮೀ. ಅಂದರೆ ಜನ ತುಂಬಿದಾಗ ಆಗುವ ಬಾಗಿಗಿಂತ ಜಾಸ್ತಿ! ಕುಗ್ಗುವಿಕೆ ಬಿಟ್ಟು ಮಾಡಿದ ಮಾಡೆಲ್ ಅರ್ಧ ಮಾಡೆಲ್ ಅಂತಲೇ ನನ್ನ ಅಭಿಪ್ರಾಯ.

ಲೈವ್ ಲೋಡಿನಲ್ಲಿ ಶೇ. 30 ಸದಾ ಇರುತ್ತದೆ ಅಂತ ಹಿಡಿದೆ, ಅಟ್ಟದಲ್ಲಿ ಅಕ್ಕಿ ಮೂಟೆ, ಬೀರು ಇದ್ದೇ ಇರುತ್ತವೆ. ಎಲ್ಲ ಸೇರಿ ಕೊನೆಯ ಬಾಗು ಸಾಮಾನ್ಯ ತೇವಕ್ಕೆ 10 ಮಿ.ಮೀ. ಸುತ್ತ, ನಮ್ಮ ಮಳೆಯ ತೇವಕ್ಕೆ 13 ದಾಟುತ್ತದೆ. ಐಎಸ್ 456ರ ಮಿತಿ ಉದ್ದದ 250ರಲ್ಲಿ ಒಂದು ಭಾಗ, ಅಂದರೆ 16. ಒಳಗೇ ಇದೆ. ಆದರೂ ಕಾಂಕ್ರೀಟ್ ಹಾಕುವ ಮುಂಚೆ ಜಂತೆಗಳ ನಡುವನ್ನು ಜಾಕಿಯಿಂದ 5 ಮಿ.ಮೀ. ಮೇಲಕ್ಕೆ ಎತ್ತಿಡುವುದು ಅಂತ ಆಗಲೇ ನಿರ್ಧಾರ ಮಾಡಿದೆ.

ಕೆಲಸ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆಯ ಮಳೆ) ಬರುವ ಮುಂಚೆ ಮುಗಿಯಬೇಕಿತ್ತು. ಹಳೆ ಹಲಗೆಗಳನ್ನು ಮೊದಲಿನ ಹಾಗೆ ಜಂತೆಯ ಮೇಲೆ ಹಾಕಲಿಲ್ಲ. ಹಾಗೆ ಹಾಕಿದರೆ ಮರ, ಕಾಂಕ್ರೀಟ್ ನಡುವೆ 25 ಮಿ.ಮೀ. ಸಂದು ಬಂದು ಸ್ಕ್ರೂ ಅಲ್ಲಿ ಸುಲಭವಾಗಿ ಬಗ್ಗುತ್ತದೆ. ಜಂತೆಯ ಎರಡೂ ಬದಿಗೆ ರೀಪು ಹೊಡೆದು, ಹಲಗೆಗಳನ್ನು ಕತ್ತರಿಸಿ ಜಂತೆಗಳ ನಡುವೆ ಮಟ್ಟಕ್ಕೆ ಕೂರಿಸಿದೆವು. ಕೆಳಗಿನಿಂದ ನೋಡಿದರೆ ಮುಚ್ಚಿಗೆ ಹಳೆಯದರಂತೆಯೇ ಕಾಣುತ್ತದೆ. ಗೋಡೆಯೊಳಗೆ ಹೋಗುವ ಜಂತೆ ತುದಿಗಳಿಗೆ ಗೇರೆಣ್ಣೆ ಬಳಿದೆವು. ಮೇಲೆ ಪೂರ್ತಿ ಪ್ಲಾಸ್ಟಿಕ್ ಹಾಳೆ. ಇಲ್ಲದಿದ್ದರೆ ಒಣ ಹಲಗೆ ಹಸಿ ಕಾಂಕ್ರೀಟಿನ ನೀರು ಕುಡಿದುಬಿಡುತ್ತದೆ, ಉಬ್ಬುತ್ತದೆ.

ಸ್ಕ್ರೂ 150 ಮಿ.ಮೀ. ಉದ್ದದ್ದು. 105 ಮರದೊಳಗೆ, 45 ಹೊರಗೆ. ಮೇಲೆ 15 ಮಿ.ಮೀ. ಕಾಂಕ್ರೀಟ್ ಮುಚ್ಚುತ್ತದೆ. ಹಲ್ಲಿಲ್ಲದ ನುಣುಪು ಭಾಗ ಮರ, ಕಾಂಕ್ರೀಟ್ ಕೂಡುವ ಮಟ್ಟದಲ್ಲಿ ಬರಬೇಕು, ಬಗ್ಗುವುದು ಅಲ್ಲೇ. ಹಳೆ ನಂದಿ ಮರ ಕಲ್ಲಿನಂತೆ ಗಟ್ಟಿ. ಮೊದಲು ತೂತು ಕೊರೆಯದೆ ತಿರುಗಿಸಿದರೆ ಸ್ಕ್ರೂವಿನ ತಲೆಯೇ ಮುರಿದು ಬರುತ್ತದೆ. 8 ಮಿ.ಮೀ. ಬಿಟ್‌ನಲ್ಲಿ ತೂತು ಹಾಕಿ, ನುಣುಪು ಭಾಗ ಕೂರುವಷ್ಟು ಆಳಕ್ಕೆ ಮೇಲೆ 12 ಮಾಡಿ, ಸ್ಕ್ರೂವಿನ ಹಲ್ಲಿಗೆ ಆಚಾರ್ರು ಜೇನುಮೇಣ ಉಜ್ಜಿದರು. ಆಮೇಲೆ ಸ್ಪ್ಯಾನರಿಗೆ ಒಗ್ಗಿಕೊಂಡು ಇಳಿಯಿತು. ಮರ ಸೀಳದಿರಲಿ ಅಂತ ಸ್ಕ್ರೂಗಳನ್ನು ಒಂದೇ ಗೆರೆಯಲ್ಲಿ ಹಾಕದೆ ಒಂದು ಎಡಕ್ಕೆ, ಒಂದು ಬಲಕ್ಕೆ ಹಾಕಿದೆವು.

8 ಮಿ.ಮೀ. ಕಂಬಿಯನ್ನು 200ಕ್ಕೆ ಒಂದರಂತೆ ಎರಡೂ ಕಡೆಗೆ ಕಟ್ಟಿ ಕಾಂಕ್ರೀಟ್ ಹಾಕಿದೆವು. ಕ್ಯೂರಿಂಗಿಗೆ ನೀರು ಕಟ್ಟಿ ನಿಲ್ಲಿಸುವುದು ಬೇಡ ಅಂತ ಮೇಸ್ತ್ರಿಗೆ ಹೇಳಿದೆ. ಒದ್ದೆ ಗೋಣಿಚೀಲ ಹೊದಿಸಿ, ಆಗಾಗ ಚಿಮುಕಿಸಿದರೆ ಸಾಕು. ಜಾಕಿಗಳು 28 ದಿನ ಹಾಗೇ ಇದ್ದವು. ಬೇಗ ತೆಗೆದರೆ ಹಸಿ ಕಾಂಕ್ರೀಟಿನ ಚದರ ಮೀಟರಿಗೆ 150 ಕೆ.ಜಿ. ಭಾರವನ್ನು ಜಂತೆ ಒಬ್ಬಂಟಿಯಾಗಿ ಹೊರಬೇಕಾಗುತ್ತದೆ, ಜೋಡಣೆ ಮಾಡಿದ ಪ್ರಯೋಜನ ಅರ್ಧ ಹೋಗುತ್ತದೆ.

ಜಾಕಿ ತೆಗೆದು, ರೆಡ್ ಆಕ್ಸೈಡ್ ನೆಲವೂ ಆದ ಮೇಲೆ ಮತ್ತೆ ಫೋನ್ ಇಟ್ಟು ಹಿಮ್ಮಡಿ ಬಿಟ್ಟೆವು. 12.9 ಹರ್ಟ್ಜ್! ಮಾಡೆಲ್ 12.0 ಹೇಳಿತ್ತು. ಆಮೇಲೆ ಮಾರಲು ಉಳಿದಿದ್ದ ಚೆರಿ ಮೂಟೆಗಳನ್ನು ಮೇಲಕ್ಕೆ ಸಾಗಿಸಿದೆವು. 4 ಮೀಟರ್ ಉದ್ದ, 3 ಮೀಟರ್ ಅಗಲದ ಜಾಗದಲ್ಲಿ 24 ಮೂಟೆ, ಚದರ ಮೀಟರಿಗೆ ಸರಿಯಾಗಿ 100 ಕೆ.ಜಿ. ಮಾಡೆಲ್ ಪ್ರಕಾರ ನಡುವಿನ ಜಂತೆ ಸುಮಾರು 1 ಮಿ.ಮೀ. ಬಗ್ಗಬೇಕು. ಡಯಲ್ ಗೇಜ್ 0.8 ತೋರಿಸಿತು. ನನ್ನ ಮಾಡೆಲ್‌ನಲ್ಲಿ ಒಂದೇ ಜಂತೆ ಇದೆ, ನಿಜದಲ್ಲಿ ಕಾಂಕ್ರೀಟ್ ಪದರ ಪಕ್ಕದ ಖಾಲಿ ಜಂತೆಗಳಿಗೂ ಭಾರ ಹಂಚುತ್ತದೆ. ಗೋಡೆಯೂ ತುದಿಗಳನ್ನು ಸ್ವಲ್ಪ ಹಿಡಿದಿಡುತ್ತದೆ. ಎರಡೂ ಒಳ್ಳೆ ಕಡೆಗೇ ಇರುವ ವ್ಯತ್ಯಾಸ.

ಮಾವ ಲೋಟದ ಕಪಾಟಿನ ಪಕ್ಕ ಜೋರಾಗಿ ನಡೆದು ನೋಡಿ, "ಇನ್ನು ಪಕ್ಕದ ಕೋಣೆದೂ ಮಾಡಿಬಿಡು" ಅಂದರು. ಅದರ ಜಂತೆ 4.8 ಮೀಟರ್. ಅದೇ ಮಾಡೆಲ್‌ನಲ್ಲಿ ಉದ್ದ ಮಾತ್ರ ಬದಲಿಸಿ ಓಡಿಸಿದೆ. ಉದ್ದ ಹೆಚ್ಚಾದ ಹಾಗೆ ಸ್ಕ್ರೂಗಳು ಎರಡನ್ನೂ ಇನ್ನೂ ಚೆನ್ನಾಗಿ ಹಿಡಿದಿಡುತ್ತವೆ. ಆದರೆ ನಡುಕ 8.7 ಹರ್ಟ್ಜ್‌ಗೆ ಇಳಿಯುತ್ತದೆ, 8ಕ್ಕೆ ತುಂಬ ಹತ್ತಿರ. ಅಲ್ಲಿ ಬರೀ ಸ್ಕ್ರೂ ಸಾಲದು. ಜಂತೆಯ ಮೇಲ್ಮೈಯಲ್ಲಿ ತುದಿಗಳ ಕಡೆ ಗಾಡಿ (ತೋಡು) ಕೊರೆದು, ಕಾಂಕ್ರೀಟ್ ಅದರೊಳಗೆ ಇಳಿದು ಹಲ್ಲಿನಂತೆ ಕಚ್ಚುವ ಹಾಗೆ ಮಾಡಿ, ಒಂದೊಂದು ಗಾಡಿಗೂ ಒಂದು ಸ್ಕ್ರೂ ಕೊಡಬೇಕು ಅಂತಿದ್ದೇನೆ. ಹಾಗೆ ಕೊರೆದರೆ ಜಂತೆ ಎಷ್ಟು ಸೊರಗುತ್ತದೆ ಅನ್ನುವುದನ್ನು ಸೇರಿಸಿ ಮಾಡೆಲ್ ತಿದ್ದುತ್ತಿದ್ದೇನೆ. ಮೂಟೆ ತೂಗುಹಾಕಿ ಅಳೆಯುವ ಕೆಲಸ ಮುಂದಿನ ಕೊಯ್ಲಿಗೆ.